ನೀಲವ್ವನ ನಿವೃತ್ತಿ ದಿನಾಂಕ

ನಿವೃತ್ತರಾಗಲಿರುವವರಿಗೆ ಪಾಠ ಹೇಳುವ ಕೆಲಸಕ್ಕೆ ಈಚೆಗೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: "ಸರ್, ನಿಮ್ಮ ಕಾಲದಲ್ಲಿ ಯಾವ ಥಿಯರಿ ಇತ್ತು?"

ಮೂರಿದ್ದವು. ಮೂರನ್ನೂ ನಾನೇ ಕಲಿಸಿದ್ದೇನೆ. ಒಂದು ಇನ್ನೊಂದನ್ನು ಸುಳ್ಳು ಎನ್ನುತ್ತಿತ್ತು. ನಾನು ಮೂರನ್ನೂ ಅಷ್ಟೇ ಆವೇಶದಿಂದ ನಿಜ ಎನ್ನುತ್ತಿದ್ದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಮುಪ್ಪಿನ ಬಗ್ಗೆ ಅಷ್ಟು ಖಚಿತವಾಗಿ ಮಾತಾಡಲು ಅದೇ ಸರಿಯಾದ ವಯಸ್ಸು. ಆಮೇಲೆ ಸ್ವಲ್ಪ ಸ್ವಲ್ಪ ಗೊತ್ತಾಗತೊಡಗಿ ಮಾತು ತಡವರಿಸುತ್ತದೆ.

ಧಾರವಾಡದ ಕಾಲೇಜಿನಲ್ಲಿ ನಾನು ಚರ್ಚಾಪಟು. ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಎತ್ತುವ ತನಕ ನನಗೆ ಅಭಿಪ್ರಾಯವೇ ಇರುತ್ತಿರಲಿಲ್ಲ. ಎತ್ತಿದ ಮೇಲೆ ಅದಕ್ಕಾಗಿ ಪ್ರಾಣ ಬಿಡಲು ತಯಾರು. ಇದನ್ನು ನಾನು ಬುದ್ಧಿವಂತಿಕೆ ಎಂದು ತಿಳಿದಿದ್ದೆ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಗೆದ್ದ ಕಪ್ಪುಗಳನ್ನೆಲ್ಲ ಟ್ರಂಕಿನಲ್ಲಿ ತುಂಬಿಕೊಂಡು ಮುಂಬಯಿಗೆ ಬಂದೆ. ಮಾಟುಂಗದಲ್ಲಿ ನಾಲ್ವರ ಜೊತೆ ಒಂದು ರೂಮು. ಸಯನ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಗಿರಣಿಯಲ್ಲಿ ಇಂಟರ್‌ವ್ಯೂ.

ಅಲ್ಲಿನ ಕಾರ್ಮಿಕ ಕಲ್ಯಾಣಾಧಿಕಾರಿ ಕಾಮತ್ ಸಾಹೇಬರು ಕುಂದಾಪುರದ ಕಡೆಯವರು. ನನ್ನ ಅರ್ಜಿಯನ್ನು ಮೂಗಿನ ತುದಿಗೆ ಹಿಡಿದು ಕೇಳಿದರು: "ನಿನಗೆ ಕಾರ್ಮಿಕ ಕಾನೂನು ಗೊತ್ತುಂಟಾ?"

"ಇಲ್ಲ ಸರ್. ಆದರೆ ಗೊತ್ತಿದೆ ಅಂತ ವಾದ ಮಾಡಬಲ್ಲೆ."

"ಹಾಗಾದ್ರೆ ಈ ಡಿಪಾರ್ಟ್‌ಮೆಂಟಿಗೆ ನೀನೇ ಸಮ ಮಾರಾಯ" ಎಂದು ನಕ್ಕರು. ಕೆಲಸ ಸಿಕ್ಕಿತು.

ಕಾಮತರು ಆಗಷ್ಟೇ ಮೂರು ತಿಂಗಳ ತರಬೇತಿ ಮುಗಿಸಿ ವಿದೇಶದಿಂದ ಬಂದಿದ್ದರು. ಬೇರೆಯವರು ಟ್ರಾನ್ಸಿಸ್ಟರ್ ತಂದರೆ ಇವರು ಚಾರ್ಟುಗಳನ್ನು ತಂದಿದ್ದರು. ನಿವೃತ್ತಿಗೂ ಸಿದ್ಧಾಂತಗಳಿವೆಯೆಂದು ನಮ್ಮ ಗಿರಣಿಗೆ ಗೊತ್ತಾದದ್ದು ಹಾಗೆ. ಅದುವರೆಗೆ ಕೊನೆಯ ದಿನ ಒಂದು ತೆಂಗಿನಕಾಯಿ, ಒಂದು ಹಾರ, ಒಂದು ಗ್ರೂಪ್ ಫೋಟೋ ಅಷ್ಟೇ ಇತ್ತು. ಇನ್ನು ಮುಂದೆ ಪ್ರತಿ ಶನಿವಾರ ಕ್ಯಾಂಟೀನಿನಲ್ಲಿ ಪಾಠ. ಬಾಯ್ಲರಿನ ಕಡೆ, ಬಣ್ಣದ ತೊಟ್ಟಿಗಳ ಕಡೆ ದುಡಿಯುವವರು ಹೆಚ್ಚಾಗಿ ಬಾಗಲಕೋಟೆ, ವಿಜಾಪುರದವರಾದ್ದರಿಂದ ಕನ್ನಡದ ಪಾಠ ನನ್ನ ಪಾಲಿಗೆ.

ಮೊದಲು ಬಂದದ್ದು ಚಟುವಟಿಕೆಯ ಸಿದ್ಧಾಂತ. ನಿವೃತ್ತನಾದವನು ಸುಮ್ಮನೆ ಕೂರಬಾರದು. ಬಿಟ್ಟ ಕೆಲಸದ ಜಾಗಕ್ಕೆ ಹೊಸ ಕೆಲಸ ತುಂಬಬೇಕು. ಓಡಾಡುವ ಮುದುಕನೇ ಸುಖೀ ಮುದುಕ. ನಾನಿದನ್ನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಮಲಾಡಿನಿಂದ ಬರುತ್ತಿದ್ದ ಹೆಡ್ ಕ್ಲಾರ್ಕ್ ಜೋಶಿಯವರು ಟಿಪ್ಪಣಿ ಮಾಡಿಕೊಂಡರು. ನಿವೃತ್ತರಾದ ಮರುವಾರವೇ ತಮ್ಮ ಬಿಲ್ಡಿಂಗಿನ ಸೊಸೈಟಿಗೆ ಸೆಕ್ರೆಟರಿಯಾದರು. ಮೆಟ್ಟಿಲ ಬುಡದಲ್ಲಿ ಹಾಜರಿ ಪುಸ್ತಕ ಇಟ್ಟರು. ಒಣಹಾಕಿದ ಸೀರೆ ಕೆಳಗಿನ ಬಾಲ್ಕನಿಗೆ ಎಷ್ಟು ಇಂಚು ಇಳಿಯಬಹುದೆಂದು ಸುತ್ತೋಲೆ ಹೊರಡಿಸಿದರು. ಹಾಲಿನವನು ಎರಡು ದಿನ ಊರಿಗೆ ಹೋಗಲು ಇವರಿಗೆ ರಜಾ ಅರ್ಜಿ ಬರೆಯಬೇಕಾಯಿತು. ಆರು ತಿಂಗಳಲ್ಲಿ ಆ ಬಿಲ್ಡಿಂಗಿನ ನಾಲ್ವರು ನಮ್ಮ ಆಫೀಸಿಗೇ ಬಂದರು. ಕೈಯಲ್ಲಿ ಎಲ್ಲರೂ ಸಹಿ ಮಾಡಿದ ಮನವಿ: ದಯವಿಟ್ಟು ಜೋಶಿಯವರನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ.

ಕಾಮತರು ಅದನ್ನು ಓದಿ 'ಯಶಸ್ಸು' ಎಂಬ ಫೈಲಿಗೆ ಸೇರಿಸಿದರು. "ನೋಡು ಮಾರಾಯ, ಮನುಷ್ಯ ಎಷ್ಟು ಆಕ್ಟಿವ್ ಇದ್ದಾನೆ!"

ಅಷ್ಟರಲ್ಲಿ ಗಿರಣಿಗೆ ಹೊಸ ಯಂತ್ರಗಳು ಬಂದವು, ಅವುಗಳ ಹಿಂದೆ ಹೊಸ ಸೂಪರ್‌ವೈಸರುಗಳು ಬಂದರು. ಅವರಿಗೆ ಮನೆ ಬೇಕು. ಗಿರಣಿಯ ಹಿಂಬದಿಗೆ ಕೆಲಸಗಾರರಿಗಾಗಿ ಕಟ್ಟಿದ ಕಂಪನಿ ಚಾಳಿನಲ್ಲಿ ಖೋಲಿಗಳೆಲ್ಲ ಭರ್ತಿ, ನಿವೃತ್ತರಾದವರೂ ಬಾಡಿಗೆ ಕಟ್ಟುತ್ತ ಅಲ್ಲೇ ಉಳಿಯುತ್ತಿದ್ದರು. ಕಾಮತರು ಎರಡನೆಯ ಚಾರ್ಟು ಬಿಚ್ಚಿದ್ದು ಅದೇ ತಿಂಗಳು. ಕಾಕತಾಳೀಯ ಎನ್ನುವವರು ಎನ್ನಲಿ. ಇದು ಕಳಚಿಕೊಳ್ಳುವ ಸಿದ್ಧಾಂತ: ವಯಸ್ಸಾದಂತೆ ಮನುಷ್ಯ ಲೋಕದಿಂದ, ಲೋಕ ಮನುಷ್ಯನಿಂದ ಮೆಲ್ಲಗೆ ದೂರ ಸರಿಯುವುದೇ ಸಹಜ, ಇಬ್ಬರಿಗೂ ಅದರಲ್ಲೇ ಸಮಾಧಾನ. ನಮ್ಮ ಗಿರಣಿಯ ಅನುವಾದದಲ್ಲಿ ಹೇಳುವುದಾದರೆ, ಖೋಲಿ ಖಾಲಿ ಮಾಡಿ ಊರಿಗೆ ಹೋಗಿ. ಖೋಲಿ ಬಿಡುತ್ತೇನೆಂದು ನಿವೃತ್ತಿಗೆ ಆರು ತಿಂಗಳು ಮೊದಲೇ ಬರೆದುಕೊಟ್ಟವರಿಗೆ ಕಂಪನಿಯಿಂದ ಒಂದು ಹೊಸ ಸೂಟ್‌ಕೇಸ್ ಬಹುಮಾನ.

ಹಿಂದಿನ ವರ್ಷ ಓಡಾಡಿ ಎಂದು ಹೇಳಿದ್ದ ಅದೇ ಕ್ಯಾಂಟೀನಿನಲ್ಲಿ, ಅದೇ ಬೆಂಚಿನ ಮೇಲೆ ನಿಂತು ಈ ವರ್ಷ ಸರಿದು ಬಿಡಿ ಎಂದೆ. ನನಗೇನೂ ಕಷ್ಟವಾಗಲಿಲ್ಲ. ಚೀಟಿಯಲ್ಲಿ 'ವಿರೋಧ' ಬಂದಂತೆ. "ಬೆಳಗಿನ ಗಾಡಿಯ ನೂಕುನುಗ್ಗಲು, ನಳದ ಮುಂದಿನ ಸಾಲು, ಕಲ್ಲಿದ್ದಲ ಹೊಗೆ, ಇವೆಲ್ಲವನ್ನೂ ಇಷ್ಟು ವರ್ಷ ಹೊತ್ತಿರಿ. ಕೆಳಗಿಳಿಸುವ ಹಕ್ಕು ನಿಮಗಿಲ್ಲವೇ?" ಎಂದು ಕೈ ಎತ್ತಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಯಮನಪ್ಪ. ಹುನಗುಂದದ ಕಡೆಯವನು, ಬಾಯ್ಲರಿನ ಬೆಂಕಿ ನೋಡಿಕೊಳ್ಳುವವನು, ನಿವೃತ್ತಿಗೆ ಆರೇ ತಿಂಗಳು ಉಳಿದವನು. ಪಾಠ ಮುಗಿದ ಕೂಡಲೇ ಬಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ನೀಲಿ ಸೂಟ್‌ಕೇಸ್ ತೆಗೆದುಕೊಂಡು ಹೋದ. ಅದೇ ನನ್ನ ಮೊದಲ ಗೆಲುವು. ಕಾಮತರು ಆ ಸಂಜೆ ಮಸಾಲೆ ದೋಸೆ ಕೊಡಿಸಿದರು.

ಮೂರು ವಾರ ಕಳೆದು ಮಾಟುಂಗದ ಒಂದು ಕನ್ನಡ ಸಂಘದಲ್ಲಿ ಚರ್ಚಾಸ್ಪರ್ಧೆ. ವಿಷಯ: ನಿವೃತ್ತನಾದವನು ಮುಂಬಯಿ ಬಿಡಬೇಕು. ನಾನು ಗಿರಣಿಯಲ್ಲೆಲ್ಲ ಡಂಗುರ ಹೊಡೆದು ಜನರನ್ನು ಕರೆದಿದ್ದೆ. ಚೀಟಿ ಎತ್ತಿದೆ. 'ವಿರೋಧ.' ಎದ್ದು ನಿಂತೆ. "ಮೂವತ್ತು ವರ್ಷ ಈ ಊರಿಗೆ ಬೆವರು ಕೊಟ್ಟವನನ್ನು ಬೆವರು ಆರುವ ಮೊದಲೇ ಗಾಡಿ ಹತ್ತಿಸುವುದು ಯಾವ ನ್ಯಾಯ? ಅವನನ್ನು ಊರಿಗೆ ಹೋಗು ಎನ್ನುವವನು ಅವನ ಹಿತ ನೋಡುತ್ತಿಲ್ಲ, ಅವನ ಖೋಲಿ ನೋಡುತ್ತಿದ್ದಾನೆ!" ಎಂದೆ. ಸಭೆ ಚಪ್ಪಾಳೆಯಿಂದ ಅದುರಿತು. ಕಪ್ಪು ನನಗೇ ಬಂತು. ಉಪ್ಪಿಟ್ಟು ತಿನ್ನುವಾಗ ಬಾಗಿಲ ಬಳಿ ಯಮನಪ್ಪ ನಿಂತಿದ್ದು ಕಂಡಿತು. ಅವನ ಕೈಯಲ್ಲಿ ಉಪ್ಪಿಟ್ಟಿನ ಎಲೆ ಇತ್ತು, ತಿನ್ನುತ್ತಿರಲಿಲ್ಲ.

ಸೋಮವಾರ ನಾನು ಆಫೀಸಿಗೆ ಬರುವಷ್ಟರಲ್ಲಿ ಮೇಜಿನ ಮೇಲೆ ನೀಲಿ ಸೂಟ್‌ಕೇಸ್ ಇತ್ತು. ಅದರ ಪಕ್ಕ ಯಮನಪ್ಪ.

"ಇದನ್ನ ವಾಪಸ್ ತಗೋರಿ ಸಾಹೇಬ್ರ. ನನ್ನ ಹೆಬ್ಬಟ್ಟು ವಾಪಸ್ ಕೊಡ್ರಿ."

"ಯಾಕ ಯಮನಪ್ಪ?"

"ಕ್ಯಾಂಟೀನಿನ್ಯಾಗ ನೀವು ಹೋಗು ಅಂದ್ರಿ, ಕಣ್ಣಾಗ ನೀರು ಬಂತು. ಮಾಟುಂಗದಾಗ ಇರು ಅಂದ್ರಿ, ಆವಾಗೂ ನೀರು ಬಂತು. ಎರಡೂ ಸಲ ನೀವಾ. ಯಾವ ನೀರು ಖರೇರಿ?"

ಅದು ಸ್ಪರ್ಧೆ, ಚೀಟಿಯಲ್ಲಿ ಹಾಗೆ ಬಂದಿತ್ತು ಎಂದು ವಿವರಿಸಿದೆ. "ಚೀಟಿ ಎತ್ತಿ ಹೇಳಿದ ಮಾತಿಗೆ ನಾ ಖೋಲಿ ಕೊಟ್ಟೆ" ಎಂದ. ಸಿಟ್ಟಿನಿಂದಲ್ಲ, ತನಗೇ ತಾನು ಹೇಳಿಕೊಂಡಂತೆ. ಆಮೇಲೆ ದನಿ ತಗ್ಗಿಸಿ, "ಮನ್ಯಾಗ ಇನ್ನಾ ಹೇಳಿಲ್ಲರಿ" ಎಂದ.

ಕಾಗದ ಮೇಲಕ್ಕೆ ಹೋಗಿಯಾಗಿತ್ತು. ಖೋಲಿ ಒಬ್ಬ ಹೊಸ ಸೂಪರ್‌ವೈಸರನಿಗೆ ಮಂಜೂರಾಗಿತ್ತು. ಕಾಮತರನ್ನು ಕೇಳಿದೆ. "ಎಂತ ಮಾರಾಯ, ಕಂಪನಿ ಎಂದರೆ ನಿನ್ನ ಚರ್ಚಾಕೂಟವಾ? ಇಲ್ಲಿ ಒಂದೇ ಸಲ ಚೀಟಿ ಎತ್ತುವುದು."

ಯಮನಪ್ಪ ಸೂಟ್‌ಕೇಸ್ ಎತ್ತಿಕೊಂಡು ಹೊರಟ. ಮನೆಯಲ್ಲಿ ಹೇಳದೆ ಅವನಿಗೆ ಇನ್ನು ದಾರಿಯಿರಲಿಲ್ಲ. ಅವನು ಹೇಳಿದ ಮರುದಿನ ನೀಲವ್ವ ಬಂದಳು. ಐವತ್ತರ ಆಸುಪಾಸು, ಎತ್ತರದ ಹೆಂಗಸು, ಮೊಣಕೈಯವರೆಗೆ ಜೋಳದ ಹಿಟ್ಟು. ಕೈ ತೊಳೆಯಲು ಮರೆತು ಬಂದಳೆಂದುಕೊಂಡೆ. ಅವಳು ಏನನ್ನೂ ಮರೆಯುವವಳಲ್ಲ ಎಂಬುದು ಹತ್ತು ನಿಮಿಷದಲ್ಲಿ ತಿಳಿಯಿತು. ಅವಳ ಖೋಲಿಯೇ ಒಂದು ಖಾನಾವಳಿ. ಊರಲ್ಲಿ ಸಂಸಾರ ಬಿಟ್ಟು ಬಂದ ಹದಿನೆಂಟು ಜನ ಅಲ್ಲಿ ಪಾಳಿಯ ಪ್ರಕಾರ ರೊಟ್ಟಿ ಉಣ್ಣುತ್ತಿದ್ದರು. ಬಾಯ್ಲರಿನವರಂತೂ ಬಹುತೇಕ ಎಲ್ಲರೂ. ಇದು ಇಡೀ ಗಿರಣಿಗೆ ಗೊತ್ತಿತ್ತು. ಕಲ್ಯಾಣ ವಿಭಾಗಕ್ಕೆ ಮಾತ್ರ ಗೊತ್ತಿರಲಿಲ್ಲ.

"ಪಾಠ ಹೇಳಾವ್ರು ನೀವೇನ್ರಿ ಸಾಹೇಬ್ರ?"

"ಹೌದ್ರಿ."

"ಖೋಲಿ ಬಿಟ್ಟರ ಎಷ್ಟು ಮಂದಿ ರಿಟೈರ್ ಆಗ್ತಾರಂತ ಹೇಳಿಕೊಟ್ರಿ ನಮ್ಮ ಮನಿಯವರಿಗೆ?"

"ಒಬ್ಬರು. ಯಮನಪ್ಪನವರು."

"ಮತ್ತ ನಾನು?"

"ನೀವು ಕಂಪನಿಯವರಲ್ಲಲ್ಲರಿ."

"ಕಂಪನಿಯವರು ನನ್ನವರದಾರ. ನಿಮ್ಮ ನಕ್ಷಾದಾಗ ನಾ ಎಲ್ಲಿ ಬರ್ತೀನಿ ತೋರಸ್ರಿ."

ಗೋಡೆಯ ಮೇಲೆ ಚಾರ್ಟು ನೇತಾಡುತ್ತಿತ್ತು. ತೋಳುಕುರ್ಚಿಯಲ್ಲಿ ಪೈಪು ಸೇದುವ ಒಬ್ಬ ವಿದೇಶಿ ಮುದುಕ, ಅವನ ಹಿಂದೆ ಟ್ರೇ ಹಿಡಿದ ಒಬ್ಬ ಮುದುಕಿ. ಉತ್ತರ ಇಲ್ಲದಿದ್ದಾಗ ಏನನ್ನಾದರೂ ತೋರಿಸಬೇಕೆಂಬುದು ಚರ್ಚಾಪಟುವಿನ ಧರ್ಮ. ಮುದುಕಿಯನ್ನು ತೋರಿಸಿದೆ.

"ಈಕಿ ಯಾರ್ರಿ?"

"ಅವನ ಹೆಂಡತಿ."

"ಈಕಿ ಕೈಯಾಗಿನ ಚಾ ಯಾರು ಮಾಡ್ಯಾರ?"

"ಆಕೀನ ಮಾಡಿರಬೇಕು."

"ಹಂಗಾರ ಈಕಿ ರಿಟೈರ್ ಆಗಿಲ್ಲ ಬಿಡ್ರಿ" ಎಂದು ಹಿಟ್ಟಿನ ಬೆರಳಿನಿಂದ ಆ ಮುದುಕಿಯ ಮುಖ ತಟ್ಟಿದಳು. ಬಿಳಿ ಗುರುತು ಕೊನೆಯವರೆಗೂ ಹೋಗಲಿಲ್ಲ.

ನಾನು ಸೋಲು ಒಪ್ಪುವ ಕುಲದವನಲ್ಲ. ವಿಶ್ರಾಂತಿ ಬೇಡವೇ, ಇಷ್ಟು ವರ್ಷ ಒಲೆಯ ಮುಂದೆ ಬೆಂದಿದ್ದೀರಿ, ಊರಲ್ಲಿ ಸ್ವಂತ ಮನೆ, ಸ್ವಂತ ಜನ ಎಂದು ಕ್ಯಾಂಟೀನಿನ ಭಾಷಣವನ್ನು ಧಾರವಾಡದ ಮಾತಿಗೆ ಇಳಿಸಿ ಹೇಳಿದೆ. ಅವಳು ಕೊನೆಯ ತನಕ ಕೇಳಿದಳು. ಆಮೇಲೆ 'ಸಾಹೇಬ' ಹೋಗಿ 'ತಮ್ಮ' ಬಂತು.

"ತಮ್ಮಾ, ಊರಿಗೆ ಹ್ವಾದ್ರ ನಾ ಯಮನಪ್ಪನ ಹೆಂಡತಿ. ಮೈದುನಗ ವೈನಿ. ಅತ್ತಿ ಇನ್ನಾ ಅದಾಳ, ಆಕಿಗಿ ಸೊಸಿ. ಒಲಿ ಅಲ್ಲೂ ಇರತೈತಿ, ಒಲಿ ಎಲ್ಲಿ ಹೊಕ್ಕೈತಿ? ಇಲ್ಲೆ ಮಾತ್ರ ನಾ ನೀಲವ್ವ. ಹದಿನೆಂಟು ಮಂದಿ 'ನೀಲವ್ವಾ, ಇನ್ನೊಂದು ಹಾಕ' ಅಂತಾರ. ಹಾಕಬೇಕೋ ಬ್ಯಾಡೋ, ಅದು ನನ್ನ ಮರ್ಜಿ. ಇಷ್ಟು ದೊಡ್ಡ ನಕ್ಷಾದಾಗ ಇದನ್ನ ಬರದಾರೇನು ನೋಡು."

ಬರೆದಿರಲಿಲ್ಲ.

ಖೋಲಿ ಸಮಿತಿಯ ಮುಂದೆ ನಾನೇ ಮಾತಾಡುತ್ತೇನೆಂದು ಅವಳಿಗೆ ಮಾತು ಕೊಟ್ಟೆ. ಸಮಿತಿಯಲ್ಲಿ ಮೂವರು: ಮ್ಯಾನೇಜರು, ಎಂಜಿನಿಯರು, ಕಾಮತರು. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಭಾಷಣ ನಾನು ಮಾಡಿಲ್ಲ. ಮೊದಲ ಸಲ ಚೀಟಿ ಎತ್ತದೆ ಮಾತಾಡಿದ್ದೆ. ಯಾವ ಸಿದ್ಧಾಂತವೂ ಹೆಂಗಸಿನ ದುಡಿಮೆಯನ್ನು ಎಣಿಸಿಲ್ಲ, ಗಂಡ ಸಂಬಳದ ಕೆಲಸ ಬಿಟ್ಟರೆ ಹೆಂಡತಿಯೂ ತನ್ನ ಕೆಲಸ ಬಿಡಬೇಕೆಂದು ಯಾವ ನಿಯಮದಲ್ಲೂ ಇಲ್ಲ ಎಂದು ಇಪ್ಪತ್ತು ನಿಮಿಷ ಕೂಗಾಡಿದೆ. ಮ್ಯಾನೇಜರು ಗಡಿಯಾರ ನೋಡಿಕೊಂಡು ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತು ತೋರಿಸಿದರು. "ಬಹುತ್ ಅಚ್ಛಾ ಬೋಲತೇ ಹೋ. ಅಂಗೂಠಾ ಕಿಸ್ಕಾ ಹೈ?"

"ಯಮನಪ್ಪ ಕಾ, ಸಾಬ್."

"ಬಸ್." ಮೂರಕ್ಕೆ ಮೂರೂ ಮತ ನನ್ನ ವಿರುದ್ಧ.

ಸೋಲನ್ನು ಹೇಳಲು ಚಾಳಿಗೆ ಹೋದೆ. ನೀಲವ್ವ ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮರುದಿನ ಬೆಳಿಗ್ಗೆ ಒಲೆಯ ಮೇಲಿನ ರೊಟ್ಟಿಯ ಹಂಚನ್ನು ತೊಳೆದು ಒರೆಸಿ ಬಟ್ಟೆಯಲ್ಲಿ ಸುತ್ತಿ ಕಂಪನಿ ಕೊಟ್ಟ ನೀಲಿ ಸೂಟ್‌ಕೇಸಿನಲ್ಲಿ ಇಟ್ಟು ಚಿಲಕ ಹಾಕಿದಳು. ಉಣ್ಣಲು ಬಂದವರಿಗೆ ಬಾಗಿಲಲ್ಲೇ ಹೇಳಿದಳು: "ಖೋಲಿ ಬಿಡಬೇಕಂತ. ಸಾಮಾನು ಕಟ್ಟಾಕ ಹತ್ತೀನಿ. ಮೊದಲ ಹಂಚು ಕಟ್ಟೇನಿ."

ಮೊದಲ ದಿನ ಬಾಯ್ಲರಿನವರು ಕ್ಯಾಂಟೀನಿನ ಪಾವ್ ತಿಂದು ಕೆಲಸಕ್ಕೆ ಹೋದರು. ಎರಡನೆಯ ದಿನ ನಡುಹಗಲಿಗೆ ಎಲ್ಲರೂ ಬಾಯ್ಲರ್ ಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತರು. ಬೆಂಕಿ ತಗ್ಗಿತು, ಉಗಿ ತಗ್ಗಿತು, ಬಣ್ಣದ ತೊಟ್ಟಿಗಳು ತಣ್ಣಗಾಗತೊಡಗಿದವು. ತೊಟ್ಟಿಯಲ್ಲಿ ಬಟ್ಟೆ ಇರುವಾಗ ತಣ್ಣಗಾದರೆ ಅಷ್ಟೂ ಬಟ್ಟೆಗೆ ಕಲೆ ಬೀಳುತ್ತದೆ. ಮ್ಯಾನೇಜರು ಓಡಿಬಂದರು. ಭಾಷೆಗಾಗಿ ನನ್ನನ್ನೂ ಎಳೆದುಕೊಂಡು ಬಂದರು.

"ಹಡತಾಳ ಹೈ ಕ್ಯಾ?" ಮುಷ್ಕರವೇ ಎಂದು ಕೂಗಿದರು.

"ಹಡತಾಳ ಅಲ್ಲರಿ ಸಾಹೇಬ್ರ" ಎಂದ ಇಮಾಮ್‌ಸಾಬ, ಯಮನಪ್ಪನ ಜೊತೆಗಾರ. "ಹಸಿವಾಗೇತಿ. ಪಾವ್ ತಿಂದು ಕಲ್ಲಿದ್ದಲ ಎತ್ತಾಕ ಆಗವಲ್ದು. ಬೇಕಂದ್ರ ನೀವು ತಿಂದು ಎತ್ತಿ ನೋಡ್ರಿ."

ನಾನು ಅದನ್ನು ಹಿಂದಿಗೆ ಇಳಿಸುವಾಗ ಕೊನೆಯ ವಾಕ್ಯವನ್ನು ಬಿಡಲಿಲ್ಲ. ಇವರ ಲೀಡರ್ ಯಾರು ಎಂದು ಮ್ಯಾನೇಜರು ಗುಡುಗಿದರು. ಚಾಳಿನಲ್ಲಿದೆ, ಸೂಟ್‌ಕೇಸಿನೊಳಗೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಿಸಿದ್ದು ಯಾರೆಂದರೆ ಕಾಮತರು. ಆ ಮನುಷ್ಯನನ್ನು ನಾನು ಇಷ್ಟೆಲ್ಲ ಹಂಗಿಸಿದ್ದೇನೆ, ಇದೊಂದನ್ನು ಅವರ ಲೆಕ್ಕಕ್ಕೆ ಹಾಕಲೇಬೇಕು. ತೊಟ್ಟಿಯ ಪಕ್ಕದಲ್ಲಿ ನಿಂತೇ ಅವರು ಒಂದು ಹಳೆಯ ನಿಯಮ ನೆನಪಿಸಿದರು: ವಿಭಾಗವೊಂದರ ಊಟದ ಏರ್ಪಾಡಿಗೆ ಕಂಪನಿ ಜಾಗ ಕೊಡಬಹುದು. ಖೋಲಿಯನ್ನು ಯಮನಪ್ಪನಿಂದ ವಾಪಸ್ ಪಡೆದದ್ದಾಯಿತು, ಹೆಬ್ಬೆಟ್ಟಿಗೆ ಮರ್ಯಾದೆ ಉಳಿಯಿತು. ಅದನ್ನೇ ಬಾಯ್ಲರ್ ವಿಭಾಗದ ಊಟದ ಜಾಗ ಎಂದು ನೀಲವ್ವನ ಹೆಸರಿಗೆ ಕೊಡೋಣ. ಸೂಪರ್‌ವೈಸರನಿಗೆ ಬೇರೆ ಕಡೆ ನೋಡೋಣ.

ಇಪ್ಪತ್ತು ನಿಮಿಷದ ನನ್ನ ಭಾಷಣ ಅಲುಗಿಸಲಾಗದ್ದನ್ನು ತಣ್ಣಗಾಗುತ್ತಿದ್ದ ಒಂದು ತೊಟ್ಟಿ ಎರಡು ನಿಮಿಷದಲ್ಲಿ ಮಾಡಿತು. ಇದರಿಂದ ನೀವು ಏನು ಕಲಿಯಬೇಕೆಂದು ನಾನು ಹೇಳುವುದಿಲ್ಲ. ಹೇಳಿ ಹೇಳಿ ಏನಾಯಿತೆಂದು ನೋಡಿದಿರಲ್ಲ.

ಯಮನಪ್ಪ ನಿವೃತ್ತನಾದ ಮರುವಾರ ಆ ಖೋಲಿಯ ಹೊಸ ಅರ್ಜಿ ತುಂಬಿಸಲು ಹೋದೆ. ಕಾಮತರೂ ಕ್ಯಾಮೆರಾ ಹಿಡಿದು ಬಂದರು. ಅವರಿಗೆ ಅಂಚೆಯಲ್ಲಿ ಮೂರನೆಯ ಚಾರ್ಟು ಬಂದಿತ್ತು: ನಿರಂತರತೆಯ ಸಿದ್ಧಾಂತ. ಮನುಷ್ಯ ಮುಪ್ಪಿನಲ್ಲಿ ಓಡಾಡಲೂ ಬೇಡ, ಸರಿಯಲೂ ಬೇಡ. ಮೊದಲಿನಿಂದ ಹೇಗಿದ್ದನೋ ಹಾಗೇ ಮುಂದುವರಿದರೆ ಸುಖ. ಒಳಗೆ ಯಮನಪ್ಪ ಒಲೆಯ ಮುಂದೆ ಕೂತು ಉರಿ ನೋಡಿಕೊಳ್ಳುತ್ತಿದ್ದ. ಕಾಮತರು ಹಿಗ್ಗಿಹೋದರು. "ನೋಡಿದ್ಯಾ? ಬಾಯ್ಲರಿನ ಬೆಂಕಿ, ಈಗ ಒಲೆಯ ಬೆಂಕಿ. ಇದೇ ಕಂಟಿನ್ಯೂಟಿ!" ಎಂದು ಕ್ಯಾಮೆರಾ ಎತ್ತಿದರು.

ಅಷ್ಟರಲ್ಲಿ ರೊಟ್ಟಿ ಕರಕಾಗಿ ಹೊಗೆ ಎದ್ದಿತು. "ಏನ್ರೀ, ಇದೇನು ನಿಮ್ಮ ಬಾಯ್ಲರ್ ಅಂತ ತಿಳಿದೀರೇನು?" ನೀಲವ್ವ ಗದರಿದಳು. "ಎಷ್ಟು ಸಲ ಹೇಳಬೇಕು? ಉರಿ ಸಣ್ಣಗ ಮಾಡ್ರಿ. ಮೂವತ್ತು ವರ್ಷ ಕಲ್ಲಿದ್ದಲ ತುರುಕಿ ಕೈ ಕೆಟ್ಟೈತಿ ಇವರ್ದು." ಯಮನಪ್ಪ ನನ್ನ ಕಡೆ ನೋಡಿ ಪಿಸುಗುಟ್ಟಿದ: "ಸಾಹೇಬ್ರ, ನನ್ನ ಹೊಸಾ ಮೇಸ್ತ್ರಿ, ಈ ಮುಕಾದಮ್ಮನ ಕೈಯಾಗಿಂದ ರಿಟೈರ್ ಆಗೂದು ಹ್ಯಾಂಗಂತ ಒಂದು ಪಾಠ ಮಾಡ್ರಿ." ಕಾಮತರ ಫೋಟೋದಲ್ಲಿ ಹೊಗೆ ಮಾತ್ರ ಬಂತು. ಅದನ್ನೂ 'ಯಶಸ್ಸು' ಫೈಲಿಗೆ ಹಾಕಿದರು.

ನಾನು ಅರ್ಜಿ ತುಂಬತೊಡಗಿದೆ. ಹೆಸರು ನೀಲವ್ವ. ವಿಭಾಗ ಬಾಯ್ಲರ್. ಮೂರನೆಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು: ನಿವೃತ್ತಿಯ ದಿನಾಂಕ. ಖೋಲಿ ಪಡೆದವರು ಎಂದು ಖಾಲಿ ಮಾಡುತ್ತಾರೆಂದು ತಿಳಿಯಲು ಕಂಪನಿ ಈಗೀಗ ಅದನ್ನು ಕೇಳುತ್ತಿತ್ತು. ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತದೆ.

"ನೀಲವ್ವ, ನೀವು ರಿಟೈರ್ ಆಗೂದು ಯಾವಾಗರಿ? ಬರೀಬೇಕು."

"ಹೇಳ್ತೀನಿ. ಮೊದಲ ಕೈ ತೊಳಕೊಂಡು ಕುಂದರು. ಈ ಹಂಚು ಇಳಿಸಿದ ಮ್ಯಾಲೆ ಹೇಳ್ತೀನಿ."

ಕೂತೆ. ಬಿಸಿ ರೊಟ್ಟಿ, ಪುಂಡಿಪಲ್ಯೆ, ಹಸಿಮೆಣಸಿನಕಾಯಿ. ನಾನು ಉಂಡು ಮುಗಿಸುವಷ್ಟರಲ್ಲಿ ಒಂದನೆಯ ಪಾಳಿಯವರು ಬಂದರು. ಅವರು ಏಳುವಷ್ಟರಲ್ಲಿ ಇನ್ನೂ ನಾಲ್ವರು. ಒಂದು ರೊಟ್ಟಿ ಏಳುವ ಮೊದಲೇ ಇನ್ನೊಂದು ಅವಳ ಅಂಗೈಯಲ್ಲಿ ಸಿದ್ಧವಾಗಿರುತ್ತಿತ್ತು. ಹಂಚು ಇಳಿಯಲೇ ಇಲ್ಲ. ನಾನು ಗೋಡೆಗೆ ಒರಗಿ ಅರ್ಜಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಆ ಕಾಲಮ್ಮಿನಲ್ಲಿ 'ವಿಚಾರಿಸಲಾಗುತ್ತಿದೆ' ಎಂದು ಬರೆದು ಸಹಿ ಹಾಕಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಗಿರಣಿ ಬಿಟ್ಟು ಬೇರೆ ಕಂಪನಿಗೆ ಹೊರಟೆ. ನನ್ನ ಜಾಗಕ್ಕೆ ಬಂದ ಹುಡುಗ ಬಾಕಿ ಕೆಲಸಗಳ ಪಟ್ಟಿ ಓದುತ್ತ ಒಂದು ಕಡೆ ನಿಂತ. ಚುರುಕಾದ ಹುಡುಗ, ಕಾಲೇಜಿನಲ್ಲಿ ಚರ್ಚೆಗೆ ಕಪ್ಪು ಗೆದ್ದವನಂತೆ.

"ಸರ್, ಇದೇನಿದು? ಇಷ್ಟು ವರ್ಷದಿಂದ ವಿಚಾರಿಸಲಾಗುತ್ತಿದೆ ಅಂತಲೇ ಇದೆ. ಇವತ್ತೇ ಹೋಗಿ ಕೇಳಿ ಮುಗಿಸಿಬಿಡಲಾ?"

"ಹೋಗು" ಎಂದೆ. "ಊಟದ ಹೊತ್ತಿಗೇ ಹೋಗು."